ಪಂಪಕ್ಕ ಕಂಡ ಮರಳುತಗ್ಗು

ಇಪ್ಪತ್ತಾರು ವರ್ಷ ನೀರೆತ್ತುವ ಪಂಪು ನಡೆಸಿದ್ದರಿಂದ ಊರವರು ಅವಳನ್ನು ಪಂಪಕ್ಕ ಎನ್ನುತ್ತಿದ್ದರು. ಗಂಡನೂ ಹಾಗೇ ಕರೆಯುತ್ತಿದ್ದ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕಡಲ ದಂಡೆಯ ಮರಳದಿಬ್ಬಗಳ ನಡುವೆ ಒಂದು ತಗ್ಗು, ಅದರ ಅಂಚಿಗೆ ತಗಡು ಹೊದಿಸಿದ ಪಂಪ್‌ಹೌಸು. ಕೂಗಳತೆಯಲ್ಲೇ ಉಪ್ಪುನೀರು, ಆದರೂ ಮರಳಿನಡಿ ಸಿಹಿನೀರು. ಅದನ್ನು ಎತ್ತಿ ಊರಿಗೆ ಕುಡಿಸುವುದೇ ಅವಳ ಕೆಲಸ. ತಗ್ಗಿನಲ್ಲಿ ಮಾತ್ರ ಮುಳ್ಳುಪೊದೆ ಬಿಟ್ಟರೆ ಏನೂ ಇರಲಿಲ್ಲ.

ಒಂದು ವರ್ಷ ನಲ್ಲಿಯಲ್ಲೇ ಉಪ್ಪು ಬಂತು. ನೀರು ಸರಬರಾಜು ಕಚೇರಿಯವರು ದೂರದ ಕೆರೆಯಿಂದ ಪೈಪು ಎಳೆದರು, ಪಂಪು ನಿಲ್ಲಿಸಿದರು, ತಗ್ಗು ಮೊದಲಿನಂತಾಗಲೆಂದು ಪೊದೆ ಕೀಳಿಸಿ ಮೇಲುಮರಳು ಕೆರೆಸಿದರು. ಕೊಳವೆಬಾವಿಯೊಳಗೆ ಅಳತೆಯ ಟೇಪು ಇಳಿಬಿಟ್ಟು ವಾರಕ್ಕೊಮ್ಮೆ ನೀರಿನ ಮಟ್ಟ ಬರೆಯುವ ಕೆಲಸ ಪಂಪಕ್ಕನಿಗೆ ಬಂತು. ಪಂಪಿಲ್ಲದ ಪಂಪಕ್ಕ ಎಂದು ಗಂಡ ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ. ಪಂಪಿನ ಸದ್ದಿಲ್ಲದೆ ಕೈಕಾಲೇ ಆಡದಂತಾಗಿತ್ತು.

ನೀರು ಗೇಣುಗೇಣಾಗಿ ಮೇಲೆ ಬಂತು. ಎರಡನೆಯ ಮಳೆಗಾಲಕ್ಕೆ ತಗ್ಗು ಮೊಣಕಾಲುದ್ದ ತುಂಬಿತು. ನೀರಿಳಿದ ಮೇಲೆ ಒಂದು ಬೆಳಿಗ್ಗೆ ದಿಬ್ಬ ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಬೋಳು ಮರಳೆಲ್ಲ ಹಸಿರಾಗಿತ್ತು. ನಡುವಿನ ಒದ್ದೆಯಲ್ಲಿ ಜೊಂಡು. ಅದರ ಸುತ್ತ ಅಕ್ಕಿಕಾಳಿನಷ್ಟು ನೇರಳೆ ಹೂ. ಅಂಚಿನಲ್ಲಿ ನೆಲಕ್ಕಂಟಿದ ಕೆಂಪೆಲೆಗಳು, ಎಲೆಯ ತುಂಬ ಇಬ್ಬನಿಯಂಥ ಅಂಟುಹನಿ, ಅದರಲ್ಲಿ ಸಿಕ್ಕಿಬಿದ್ದ ನೊಣ. ತನಗರಿವಿಲ್ಲದೆ ಅವಳು ಚಪ್ಪಲಿ ಬಿಟ್ಟಳು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಸುದ್ದಿ ಕೇಳಿ ಓಡಿಬಂದರು.

“ಇದನ್ನೆಲ್ಲ ಯಾರು ನೆಟ್ರು ಮೇಡಂ?”

“ಯಾರೂ ನೆಟ್ಟಿಲ್ಲಮ್ಮ. ಕೆಲವು ಬೀಜ ಗಾಳೀಲಿ ಬಂದಿರುತ್ತೆ. ಈ ಜೊಂಡಿಂದು ಮಾತ್ರ ಮರಳೊಳಗೇ ಇತ್ತು ಅನ್ಸುತ್ತೆ, ನೀರಿಗೆ ಕಾಯ್ತಾ.”

“ಎಷ್ಟು ವರ್ಷದಿಂದ?”

“ಪಂಪು ಶುರುವಾದಾಗಿಂದ ಅಂತಿಟ್ಕೊಳ್ಳಿ.”

ಪಂಪಕ್ಕ ಬಗ್ಗಿ ಜೊಂಡಿನ ಬುಡದ ಮರಳು ಮುಟ್ಟಿದಳು. ಆ ಬೀಜಗಳ ನೆತ್ತಿಯ ಮೇಲೆ ಕೂತೇ ಅವಳು ದಿನಾ ಬುತ್ತಿ ಬಿಚ್ಚಿದ್ದಳು.

“ಅಷ್ಟು ವರ್ಷ ಇವುಗಳ ನೀರು ಕಿತ್ಕೊಂಡಿದ್ದು ನಾನೇ ಅಲ್ವಾ?”

“ಊರಿಗೂ ಬಾಯಾರಿಕೆ ಇತ್ತಲ್ಲ. ಬನ್ನಿ, ಇದರಲ್ಲಿ ನೋಡಿ,” ಎಂದು ಮೇಡಂ ಭೂತಕನ್ನಡಿ ಕೊಟ್ಟರು. ಪಂಪಕ್ಕ ಒದ್ದೆ ಮರಳಲ್ಲಿ ಬೋರಲು ಮಲಗಿ ನೋಡಿದಳು. ಬರಿಗಣ್ಣಿಗೆ ಚುಕ್ಕೆಯಂತಿದ್ದ ಹೂವಿನೊಳಗೆ ಹಳದಿ ಗೆರೆಗಳಿದ್ದವು, ತುಟಿಯಿತ್ತು, ಗಂಟಲಿತ್ತು. ಮೇಡಂ ಎರಡು ಸಲ ಕರೆದರೂ ಅವಳು ಏಳಲಿಲ್ಲ.

ಮುಂದಿನ ಭಾನುವಾರ ಗಂಡನನ್ನು ಕರೆತಂದಳು. ಮಾತುಮಾತಿಗೂ ನಗಿಸುವ ಮನುಷ್ಯ ದಿಬ್ಬದ ಅಂಚಲ್ಲಿ ಎತ್ತಿದ ಕಾಲು ಹಿಂದಿಟ್ಟ. ಆಮೇಲೆ ಪಿಸುಗುಟ್ಟಿದ: “ಕಾಲು ಎಲ್ಲಿಡೋದೇ?”

“ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡಿ,” ಎಂದು ಅವಳು ಮುಂದಾದಳು.