ಕತ್ತರಿ ಹಿಡಿದು ಕಾದವರು

ಪೆರ್ಲ ಪೇಟೆಯಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದ ಕ್ಷೌರಿಕರು ನಮ್ಮ ಎದುರಾಳಿ ಫುಟ್ಬಾಲ್ ಕ್ಲಬ್ಬಿನ ಅಭಿಮಾನಿ. ಆ ಕ್ಲಬ್ಬು ಜಿಲ್ಲಾ ಲೀಗಿನಲ್ಲಿ ಸೋತು ಸೋತು ಬಿ ಡಿವಿಜನ್ನಿಗೆ ಇಳಿದಾಗ ನನಗೆ ತಡೆಯಲಾರದ ಖುಷಿ. ಕುರ್ಚಿಯಲ್ಲಿ ಕೂತವನೇ, "ಇನ್ನು ನಿಮ್ಮವರು ಮೇಲೆ ಬರುದುಂಟಾ?" ಎಂದು ಕೆಣಕಿದೆ.

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಬಿಳಿ ಬಟ್ಟೆ ಕೊಡವಿ ನನ್ನ ಕುತ್ತಿಗೆಗೆ ಕಟ್ಟಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಯಾಕೆ ಬರುದಿಲ್ಲ? ಹೇಳಿ ಮಾರಾಯ್ರೆ" ಎಂದರು. ನಾನು ಹೇಳುವವರೆಗೆ ಕತ್ತರಿ ಕೂದಲಿಗೆ ತಾಗಲಿಲ್ಲ.

ಹೇಳಲು ನನಗೇನು ಕಷ್ಟ? ಕಾರ್ನರ್ ಕಿಕ್ ಬಂದರೆ ನಿಮ್ಮ ಗೋಲ್‌ಕೀಪರ್ ಗೆರೆ ಬಿಟ್ಟು ಅಲ್ಲಾಡುವುದಿಲ್ಲ ಎಂದೆ. ಮುಂದಿನ ತಿಂಗಳು ಹೋದಾಗ, ಎಡಗಡೆಯ ಡಿಫೆಂಡರ್‌ಗೆ ಓಟವೇ ಇಲ್ಲ ಎಂದೆ. ಅವರು "ಹೌದಾ? ಮತ್ತೆಂತ?" ಎನ್ನುತ್ತ ಕಿವಿಯ ಮೇಲಿನ ಕೂದಲನ್ನು ನಿಧಾನವಾಗಿ ಸರಿಮಾಡುತ್ತಿದ್ದರು.

ಬಿ ಡಿವಿಜನ್ ಲೀಗಿನ ಕೊನೆಯ ಪಂದ್ಯಕ್ಕೆ, ಆ ಕ್ಲಬ್ಬು ಸೋಲುವುದನ್ನು ನೋಡಲೆಂದೇ ಹೋದೆ. ಎಡಗಡೆ ಹೊಸಬನೊಬ್ಬ ಗಾಳಿಯಂತೆ ಓಡುತ್ತಿದ್ದ. ಗೋಲ್‌ಕೀಪರ್ ಪ್ರತಿ ಕಾರ್ನರ್‌ಗೂ ಮುಂದೆ ಹಾರಿ ಚೆಂಡು ಹಿಡಿದ. ಗೆದ್ದು ಎ ಡಿವಿಜನ್ನಿಗೆ ಏರಿದ ತಂಡದ ಕೋಚ್ ನೇರ ಬಂದು, ಮೈದಾನದ ಅಂಚಿನಲ್ಲಿ ನಿಂತಿದ್ದ ಕ್ಷೌರಿಕರನ್ನು ತಬ್ಬಿಕೊಂಡರು. ಆ ಕೋಚ್ ಶೇವ್ ಮಾಡಿಸಿಕೊಳ್ಳುವುದೂ ಅದೇ ಕುರ್ಚಿಯಲ್ಲಿ ಎಂಬುದು ನನಗೆ ಆಗ ಹೊಳೆಯಿತು.

ಮತ್ತೆ ಹೋದಾಗ ಅವರು ಎಂದಿನಂತೆ ಬಟ್ಟೆ ಕೊಡವಿ ಕಟ್ಟಿದರು. "ಬರುವ ವರ್ಷ ನಿಮ್ಮವರ ಎದುರೇ ಆಟ ಉಂಟಲ್ಲ. ಗೆಲ್ಲುದು ನೀವೇ ಅಂತ ಎಲ್ಲರೂ ಹೇಳ್ತಾರೆ. ಯಾಕೆ? ಹೇಳಿ ಮಾರಾಯ್ರೆ."

ನಾನು ಬಾಯಿ ಬಿಡಲಿಲ್ಲ. ಕತ್ತರಿಯೂ ಕೂದಲಿಗೆ ತಾಗಲಿಲ್ಲ.