ಉಳಿದವಳಿಗೆ ತುಂಬಿದ ಉಡಿ

ಮೊನ್ನೆ ಬಾಜು ಮನೆಯವರು ಗುರೆಳ್ಳು ಹುರಿಯುತ್ತಿದ್ದರು. ಹಿತ್ತಲ ಬಾಗಿಲಿನಿಂದ ವಾಸನೆ ಒಳಗೆ ಬಂತು. ಬಟ್ಟೆ ಮಡಚುತ್ತಿದ್ದವಳು ಹಾಗೆಯೇ ಕುಳಿತುಬಿಟ್ಟೆ. ಹುಬ್ಬಳ್ಳಿಯಿಂದ ಉತ್ತರಕ್ಕೆ ಹೊರಟ ರೈಲು, ಮೇಲಿನ ಬರ್ತಿನಿಂದ ಜೋತುಬಿದ್ದ ನಮ್ಮ ಕಾಲುಗಳು, ಕಡಕ್ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಉದುರಿಸಿ ಒಬ್ಬೊಬ್ಬರಿಗೇ ಮೇಲಕ್ಕೆ ಚಾಚುತ್ತಿದ್ದ ಅಕ್ಕೋರ ಕೈ...

ಶಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅಣ್ಣಿಗೇರಿಯಲ್ಲಿ ಅವರು ಪ್ರಾಥಮಿಕ ಶಾಲೆಯಲ್ಲಿದ್ದರು. ಭಾನುವಾರ ನಮ್ಮ ಸಣ್ಣ ಚರ್ಚಿನ ಸಂಡೇ ಸ್ಕೂಲಿಗೂ ಅವರೇ ಅಕ್ಕೋರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೈದು ಮಾತಾಡುವುದೇ ಅವರ ರೂಢಿ. ಬೈಗುಳದ ಹಿಂದೆ ಏನಿದೆ ಎನ್ನುವುದು ನಮಗೆ ಗೊತ್ತಿದ್ದುದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಾನು ಹತ್ತನೇ ಇಯತ್ತೆ ಮುಗಿಸಿದ ಬೇಸಿಗೆ, ನೇಪಾಳದ ಗುಡ್ಡದ ಊರೊಂದರಲ್ಲಿ ದಿಕ್ಕಿಲ್ಲದ ಮಕ್ಕಳ ಹಾಸ್ಟೆಲಿಗೆ ಸೇವೆಗೆಂದು ಚರ್ಚಿನಿಂದ ನಮ್ಮನ್ನು ಕಳಿಸಿದರು. ಹುಡುಗ ಹುಡುಗಿಯರು ಸೇರಿ ಐದಾರು ಮಂದಿ, ನಮ್ಮನ್ನು ನೋಡಿಕೊಳ್ಳಲು ಅಕ್ಕೋರು ಮತ್ತು ಚರ್ಚಿನ ಯುವಕರ ಮುಖಂಡ. ಅವನನ್ನು ನಾವೆಲ್ಲ ಅಣ್ಣಾ ಎನ್ನುತ್ತಿದ್ದೆವು. ನನ್ನ ಅವ್ವ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು: "ಪರದೇಶಕ್ಕ ಹೊಂಟಾಳ್ರಿ ನಮ್ಮಾಕಿ. ನೆಟ್ಟಗ ತಲಿ ಬಾಚ್ಕೊಳ್ಳಾಕ ಬರೂದಿಲ್ಲ, ಸೇವಾ ಮಾಡ್ತಾಳಂತ."

ದಾರಿಯುದ್ದಕ್ಕೂ ನಾವು ಅಭಿನಯದ ಹಾಡುಗಳನ್ನು ಕಲಿತೆವು. ಹಾಸ್ಟೆಲಿನ ಅಂಗಳದಲ್ಲಿ ಮೊದಲ ಹಾಡು ಶುರುಮಾಡಿದಾಗ, ನಾವು ಕೈ ಎತ್ತುವ ಮೊದಲೇ ಮಕ್ಕಳು ಎತ್ತಿದರು. ಹಾಡು ಅವರಿಗೆ ಬರುತ್ತಿತ್ತು, ನಮಗಿಂತ ಮೊದಲು ಬಂದವರು ಕಲಿಸಿ ಹೋಗಿದ್ದರು. ನಮ್ಮಲ್ಲೊಬ್ಬ ಕ್ಯಾಮೆರಾ ತೆಗೆದದ್ದೇ ತಡ, ಯಾರೂ ಹೇಳದೆ ಸಾಲಾಗಿ ನಿಂತರು. ಒಟ್ಟಿಗೇ ನಕ್ಕರು. ಕ್ಯಾಮೆರಾ ಕೆಳಗಿಳಿದಾಗ ನಗುವೂ ಇಳಿಯಿತು.

ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಮಕ್ಕಳು ದೀದಿ ಎನ್ನುತ್ತಿದ್ದರು. ಸಂಜೆ ಚಹಾ ಕೊಟ್ಟು ಆಕೆ ಹಿಂದಿಯಲ್ಲಿ ಹೇಳಿದಳು: "ಬರುವವರೆಲ್ಲ ಒಳ್ಳೆಯವರೇ. ಎತ್ತಿಕೊಳ್ಳುತ್ತಾರೆ, ಆಡಿಸುತ್ತಾರೆ, ಹೋಗುತ್ತಾರೆ. ಆಮೇಲೆ ಅಳುವವರನ್ನು ಸುಮ್ಮನಾಗಿಸುವುದು ನನ್ನ ಪಾಲಿಗೆ. ಯಾವ ಮಗುವನ್ನೂ ಬೇರೆಯಾಗಿ ಹಚ್ಚಿಕೊಳ್ಳಬೇಡಿ."

ಅಕ್ಕೋರು ನಮ್ಮ ಕಡೆ ತಿರುಗಿದರು. "ಕೇಳಿದ್ರಿಲ್ಲ? ಮತ್ತ ಬರ್ತೀವಿ ಅಂತ ಒಬ್ಬಾರೂ ಅನ್ನಂಗಿಲ್ಲ. ಅಂದ್ರ ಹಲ್ಲ ಉದುರಸ್ತೀನಿ ಮಕ್ಕಳ್ರ್ಯಾ."

ಮರುದಿನದಿಂದ ಹಾಡು ಕಡಿಮೆಯಾದವು. ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆಯುವುದು, ಹರಿದ ಅಂಗಿಗೆ ಗುಂಡಿ ಹಚ್ಚುವುದು, ಅಡಿಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುವುದು, ಇವೇ ನಮ್ಮ ಸೇವೆಯಾದವು. "ಇಷ್ಟ ದೂರ ಹೇನ ಹೆಕ್ಕಾಕ ಬಂದಿವೇನ್ರಿ ಅಕ್ಕೋರ?" ಎಂದು ಒಬ್ಬ ಕೇಳಿದ. "ನಿನ್ನ ತಲ್ಯಾಗಿನವು ಇಲ್ಲಿ ಬಿಟ್ಟು ಹೋಗದಿದ್ರ ಸಾಕಲೇ" ಅಂದರು.

ನೀರಿನ ನಲ್ಲಿಯ ಬಳಿ ಎಂಟು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಕೂತಿರುತ್ತಿದ್ದಳು. ಹಾಡಿಗೆ ಬರಲಿಲ್ಲ, ಸಾಲಿನಲ್ಲಿ ನಿಲ್ಲಲಿಲ್ಲ. ಹಿಂದೆ ಬಂದಿದ್ದ ಗುಂಪಿನವಳೊಬ್ಬಳು ಮತ್ತೆ ಬರುತ್ತೇನೆ ಎಂದು ಹೇಳಿ ಹೋದಮೇಲೆ ಹೀಗಾಗಿದ್ದಾಳೆ ಎಂದು ದೀದಿ ಹೇಳಿದಳು. ಅಕ್ಕೋರು ಅವಳನ್ನು ಕರೆಯಲಿಲ್ಲ. ಬೇಳೆಯ ಪರಾತ ತೆಗೆದುಕೊಂಡು ಹೋಗಿ ಅವಳ ಪಕ್ಕ ಕೂತು ಆರಿಸತೊಡಗಿದರು. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೂ ಹರಳು ಆರಿಸತೊಡಗಿದಳು. ಆರಿಸುತ್ತಲೇ ಕೇಳಿದಳು, "ನೀವು ಯಾವಾಗ ಹೋಗುತ್ತೀರಿ?"

ಅಕ್ಕೋರ ಹಿಂದಿ ಹುಬ್ಬಳ್ಳಿ ಮಾರ್ಕೆಟ್ಟಿನದು. ಅದರಲ್ಲೇ, ಸುಳ್ಳು ಹೇಳದೆ, ಬರುವ ಶುಕ್ರವಾರ ಅಂದರು. ಹುಡುಗಿ ಅವರ ಮುಖ ನೋಡಿದಳು. ಹೋಗುವ ದಿನವನ್ನು ಆ ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲವಂತೆ. ಅವರು ಶಾಲೆಗೆ ಹೋದಾಗ ಗಾಡಿ ತರಿಸಿ, ಬಂದವರನ್ನು ಕಳಿಸಿಬಿಡುವುದು ಅಲ್ಲಿಯ ಪದ್ಧತಿ.

ನಮ್ಮನ್ನೂ ಹಾಗೇ ಕಳಿಸುವವರಿದ್ದರು. ಅಕ್ಕೋರು ಒಪ್ಪಲಿಲ್ಲ. "ಕಳ್ಳರಂಗ ಹೋಗಾಕ ಬಂದೀವೇನು? ಹುಡುಗ್ರು ಸಾಲಿಯಿಂದ ಬರ್ಲಿ, ಆಮ್ಯಾಲೆ ಹೋಗೂಣು" ಅಂದರು.

ಮಕ್ಕಳು ಬಂದರು. ಚೀಲಗಳು ಅಂಗಳಕ್ಕೆ ಬಂದವು. ಅಕ್ಕೋರು ಒಳಗೆ ಹೋಗಿ ದೀದಿಯನ್ನು ಕೇಳಿ ಒಂದು ಬೊಗಸೆ ಅಕ್ಕಿ ತಂದರು. ನಲ್ಲಿಯ ಬಳಿಯ ಹುಡುಗಿಯ ಎದುರು ನಿಂತು, ಫ್ರಾಕಿನ ಅಂಚು ಹಿಡಿಯಲು ಹೇಳಿ, ಅಕ್ಕಿ ಹಾಕಿದರು. ತೆಂಗಿನಕಾಯಿ ಇಲ್ಲದ್ದಕ್ಕೆ ಒಂದು ಕಿತ್ತಳೆ, ದೀದಿಗೆಂದು ಊರಿಂದ ತಂದಿದ್ದ ಕುಪ್ಪಸದ ಖಣ.

ಮನೆಯಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಹೀಗೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ರಿವಾಜು. ಕ್ರೈಸ್ತರ ಮನೆಗಳಲ್ಲಿ ಅರಿಷಿಣ ಕುಂಕುಮ ಹಚ್ಚುವುದಿಲ್ಲ, ಉಡಿಯನ್ನು ಮಾತ್ರ ನಾವೂ ಬಿಟ್ಟಿಲ್ಲ. ತುಂಬಿಸಿಕೊಂಡವಳಿಗೆ ಆ ಮನೆ ತವರು. ಅವಳನ್ನು ಕರೆಯುವುದು, ಕಂಡು ಬರುವುದು ಆ ಮನೆಯ ಹೊಣೆ. ಗಂಡ ಹೋದಮೇಲೆ ಅಕ್ಕೋರನ್ನು ಊರಲ್ಲಿ ಈ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಸುಮ್ಮನಿದ್ದ ಕೈ ಅಲ್ಲಿ ತಾನಾಗಿಯೇ ಮುಂದಾಗಿತ್ತು.

ಅಣ್ಣ ಮೆಲ್ಲಗೆ ಅಂದ: "ಅಕ್ಕೋರ, ಹೋಗೋರು ನಾವ್ರಿ. ಇರೂ ಹುಡುಗಿಗೆ ಉಡಿ ತುಂಬಾಕತ್ತೀರಲ್ಲ."

ಅಕ್ಕೋರ ಕೈ ನಿಂತಿತು. ಫ್ರಾಕಿನೊಳಗಿನ ಅಕ್ಕಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಹೌದಲ್ಲೋ..." ಅಂದರು. ಕಿತ್ತಳೆಯನ್ನು ಅಕ್ಕಿಯ ನಡುವೆ ಸರಿಯಾಗಿ ಕೂರಿಸಿ, "ಇರ್ಲಿ. ತುಂಬಿದ ಉಡಿ ತಿರುಗಿ ತಗೊಳ್ಳಾಕ ಬರೂದಿಲ್ಲ" ಅಂದರು. ಆ ಹುಡುಗಿಗೆ ಬರುತ್ತೇನೆ ಎಂದೇನೂ ಹೇಳಲಿಲ್ಲ.

ಊರಿಗೆ ಬಂದಮೇಲೆ ಚರ್ಚಿನಲ್ಲಿ ಪಾದ್ರಿಗಳು ನಮ್ಮ ಫೋಟೋ ತೋರಿಸಿ, ಅಕ್ಕೋರಿಗೆ ನಾಲ್ಕು ಮಾತು ಹೇಳಲು ಕೇಳಿಕೊಂಡರು. ಅವರು ಎದ್ದು ನಿಂತು, "ಅಲ್ಲೊಬ್ಬಾಕಿ ಮಗಳು ಅದಾಳ್ರಿ ನನಗ. ಮುಂದಿನ ವರ್ಷ ನೋಡಾಕ ಹೋಗಬೇಕು" ಎಂದಷ್ಟೇ ಹೇಳಿ ಕೂತರು. ಜನ ನಕ್ಕರು.

ಮುಂದಿನ ವರ್ಷ ಚರ್ಚಿನವರು ಬೇರೆ ಕಡೆಗೆ ತಂಡ ಕಳಿಸಿದರು. ಅಕ್ಕೋರು ಒಬ್ಬರೇ ನೇಪಾಳಕ್ಕೆ ಹೋದರು. ಅದರ ಮುಂದಿನ ವರ್ಷವೂ ಹೋದರು. ಆಮೇಲೆ ವರ್ಷ ತಪ್ಪಿಸಲಿಲ್ಲ, ಒಮ್ಮೆ ನಾನೂ ಜೊತೆಗಿದ್ದೆ. ಹುಡುಗಿ ಗೇಟಿನ ಹತ್ತಿರವೇ ನಿಂತಿದ್ದಳು. ಓಡಿ ಬರಲಿಲ್ಲ. ಹತ್ತಿರ ಬಂದು ಅಕ್ಕೋರ ಕೈಯಿಂದ ಚೀಲ ತೆಗೆದುಕೊಂಡು, ತನ್ನ ಮನೆಗೆ ಬಂದವರನ್ನು ಕರೆದೊಯ್ಯುವ ಹಾಗೆ ಮುಂದೆ ನಡೆದಳು...

ಅವಳು ದೊಡ್ಡವಳಾಗಿ ನರ್ಸಿಂಗ್ ಸೇರುವ ಹೊತ್ತಿಗೆ ಅಕ್ಕೋರ ಮೊಣಕಾಲು ಹೋಗಿದ್ದವು. ಪ್ರಯಾಣ ನಿಂತಿತು, ಫೋನ್ ನಿಲ್ಲಲಿಲ್ಲ. ಫೋನಿನಲ್ಲೇ ಅವಳಿಗೆ ನಮ್ಮ ಕನ್ನಡ ಬಂತು, ಬೈಗುಳದ ಸಮೇತ. "ಗುಳಿಗಿ ತಗೊಂಡಿಲ್ಲಂದ್ರ ಹಲ್ಲ ಉದುರಸ್ತೀನ್ರಿ ಅಕ್ಕೋರ" ಅನ್ನುತ್ತಿದ್ದಳಂತೆ. ಅವಳನ್ನು ಒಂದು ಸಲ ಅಣ್ಣಿಗೇರಿಗೆ ಕರೆಸಿ ತಮ್ಮ ಮನೆ ತೋರಿಸಬೇಕು ಎನ್ನುವುದೊಂದೇ ಅವರಿಗಿದ್ದ ಆಸೆ. ಬರುವ ಕ್ರಿಸ್‌ಮಸ್ಸಿಗೆ ಎಂದು ಮಾತಾಗಿತ್ತು. ಮಳೆಗಾಲದಲ್ಲಿಯೇ ಅಕ್ಕೋರು ಹೋಗಿಬಿಟ್ಟರು. ಬೆಳಿಗ್ಗೆ ಎದೆ ನೋವೆಂದರು, ಮಧ್ಯಾಹ್ನ ಇರಲಿಲ್ಲ.

ಅವಳಿಗೆ ಫೋನ್ ಮಾಡಿ ತಿಳಿಸಿದವಳು ನಾನು. ಅವಳು ಕೇಳಿದ್ದು ಇಷ್ಟೇ: "ಮಣ್ಣ ಕೊಡೂ ಮುಂದ ಯಾರ್ಯಾರ ಇದ್ರಿ ಅಕ್ಕಾ?"

"ಮಂದಿ ಭಾಳ ಇದ್ರವ್ವಾ. ಸಾಲಿ ಮಾಸ್ತರು, ಓಣಿಯವರು, ಸಂಡೇ ಸ್ಕೂಲಿನ ಹುಡುಗ್ರು..."

"ಮಗಳೊಬ್ಬಾಕಿ ಇರ್ಲಿಲ್ಲ" ಅಂದಳು.

ಕ್ರಿಸ್‌ಮಸ್ಸಿಗೆ ಅವಳು ಬಂದಳು. ಬೀಗ ಹಾಕಿದ ಮನೆಯನ್ನು ಹೊರಗಿನಿಂದ ನೋಡಿದಳು. ಸ್ಮಶಾನಕ್ಕೆ ಕರೆದೊಯ್ದೆ. ನಮ್ಮದು ಎರೆಮಣ್ಣು. ಮಳೆ ನಿಂತಮೇಲೆ ಬಿರಿಯುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅವರವರ ಮನೆಯವರು, ಮಕ್ಕಳಿದ್ದರೆ ಮಕ್ಕಳೇ, ವರ್ಷವರ್ಷವೂ ಗೋರಿಗೆ ಬುಟ್ಟಿಯಲ್ಲಿ ಮಣ್ಣು ತಂದು ಹಾಕುತ್ತಾರೆ. ಮಕ್ಕಳಿಲ್ಲದವರ ಗೋರಿ ಬಿರಿದ ಹಾಗೇ ಉಳಿಯುತ್ತದೆ. ಅಕ್ಕೋರ ತಲೆಯ ಕಡೆ ಒಂದು ಸಣ್ಣ ಬಿರುಕು ಆಗಲೇ ಎದ್ದಿತ್ತು. ಅವಳು ಕೂತು ಬೊಗಸೆಯಿಂದ ಮುಚ್ಚಿದಳು. ಕೈ ಒರೆಸಿಕೊಳ್ಳದೆ ಕೇಳಿದಳು, ಪೂರಾ ಬಿರಿಯುವುದು ಯಾವ ತಿಂಗಳು ಎಂದು. ಏಪ್ರಿಲ್ ಅಂದೆ. ಬರುತ್ತೇನೆ ಎಂದು ಅವಳು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಈಗ ಮಾರ್ಚ್ ಮುಗಿಯುತ್ತ ಬಂದಿದೆ. ನಿನ್ನೆ ಸಂಜೆ ಹೋಗಿ ನೋಡಿ ಬಂದೆ. ಮಣ್ಣು ಕುಸಿದಿದೆ, ಬಿರುಕು ಉದ್ದವಾಗಿದೆ. ಬುಟ್ಟಿಯಲ್ಲಿ ಮಣ್ಣು ಒಯ್ದಿದ್ದೆ. ಆದರೆ ಅಕ್ಕೋರ ಹತ್ತಿರ ಸ್ವಲ್ಪ ಹೊತ್ತು ಕೂತು, ಬುಟ್ಟಿಯನ್ನು ಖಾಲಿ ಮಾಡದೆ ಹಾಗೆಯೇ ಬದಿಗಿಟ್ಟು ಬಂದೆ. ಅದು ನನ್ನ ಕೆಲಸವಲ್ಲ.