ಒಂದೇ ದ್ರಾಕ್ಷಿ, ಅವ್ವನ ಮೂಗು

ಜ್ವರ ಬಂದು ಹೋದ ಮೇಲೆ ನನ್ನ ಮೂಗು ಕೆಲಸ ಬಿಟ್ಟಿತು. ಶೀತವಿರಲಿಲ್ಲ, ಮೂಗು ಕಟ್ಟಿಯೂ ಇರಲಿಲ್ಲ. ಉಸಿರು ಸರಾಗವಾಗಿ ಓಡಾಡುತ್ತಿತ್ತು, ವಾಸನೆ ಮಾತ್ರ ಒಂದೂ ಒಳಗೆ ಬರುತ್ತಿರಲಿಲ್ಲ. ಬೇರೆಯವರಾಗಿದ್ದರೆ ಸಾರಿಗೆ ರುಚಿಯೇ ಇಲ್ಲ ಎಂದು ಗೊಣಗಿಕೊಂಡು ಸುಮ್ಮನಿರುತ್ತಿದ್ದರು. ನಾನು ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ವೈನ್ ಬಡಿಸುವವಳು. ಯಾವ ಊಟಕ್ಕೆ ಯಾವ ವೈನ್ ಎಂದು ಹೇಳುವುದು, ಬಾಟಲಿ ತೆರೆದ ಕೂಡಲೇ ಮೂಸಿ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಕೆಲಸ. ಹದಿನಾಲ್ಕು ವರ್ಷ ನನಗೆ ಅನ್ನ ಹಾಕಿದ್ದು ಈ ಮೂಗೇ.

ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಬಾಟಲಿ ಮೂಸಿದಂತೆ ನಟಿಸುವುದು, ಗಂಭೀರವಾಗಿ ತಲೆಯಾಡಿಸುವುದು, ಬಡಿಸುವುದು. ಒಂದು ದಿನ ಗಿರಾಕಿಯೊಬ್ಬ ಒಂದೇ ಗುಟುಕಿಗೆ ಮುಖ ಕಿವಿಚಿ ಗ್ಲಾಸನ್ನು ದೂರ ತಳ್ಳಿದ. ನಮ್ಮ ದೊಡ್ಡ ಸಾಹೇಬರಿಗೆ ಅನುಮಾನ ಬಂತು. ಸೋಮವಾರ ಪರೀಕ್ಷೆ ಎಂದರು. ಎರಡು ಗ್ಲಾಸ್ ಇಡುತ್ತಾರೆ: ಒಂದರಲ್ಲಿ ಇಟಲಿಯ ಪ್ರಿಮಿಟಿವೊ, ಇನ್ನೊಂದರಲ್ಲಿ ಕ್ಯಾಲಿಫೋರ್ನಿಯಾದ ಝಿನ್‌ಫಂಡೆಲ್. ಹೆಸರು ಎರಡಾದರೂ ದ್ರಾಕ್ಷಿಯ ತಳಿ ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ ಕೆಂಪು. ಯಾವುದು ಯಾವ ದೇಶದ್ದೆಂದು ಹೇಳಬೇಕು, ಎರಡರ ವಾಸನೆಯನ್ನೂ ಬಿಡಿಸಿ ವಿವರಿಸಬೇಕು. ಹೇಳಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮನೆಗೆ ನಡೆ. ಅಭ್ಯಾಸಕ್ಕೆಂದು ಎರಡೂ ಬಾಟಲಿಗಳನ್ನು ಬ್ಯಾಗಿಗೆ ಹಾಕಿಕೊಂಡು ಗುರುವಾರ ಬೀದರ್ ಬಸ್ ಹತ್ತಿದೆ. ಭಾಲ್ಕಿಯಲ್ಲಿ ಅವ್ವ ಇದ್ದಳು. ಬೇರೆ ಎಲ್ಲಿಗೆ ಹೋಗಬೇಕೆಂದು ನನಗೆ ತೋಚಲಿಲ್ಲ.

ಅವ್ವನ ಮನೆಗೆ ವೈನ್ ಒಯ್ಯುವುದಕ್ಕೆ ಗುಂಡಿಗೆ ಬೇಕು. ಅವ್ವ ನಿವೃತ್ತ ನರ್ಸು, ಮೆಥೊಡಿಸ್ಟ್ ಸಭೆಯವಳು. ಹದಿನೈದನೇ ವಯಸ್ಸಿನಲ್ಲಿ ಚರ್ಚಿನಲ್ಲಿ ಎದ್ದು ನಿಂತು, ಹೆಂಡದ ಹನಿಯನ್ನೂ ನಾಲಿಗೆಗೆ ಸೋಕಿಸುವುದಿಲ್ಲ ಎಂದು ಮಾತು ಕೊಟ್ಟವಳು. ನಮ್ಮ ಸಭೆಯಲ್ಲಿ ಯೇಸುವಿನ ನೆನಪಿಗೆ ಮಾಡುವ ಪ್ರಭು ಭೋಜನಕ್ಕೂ ವೈನ್ ಇಲ್ಲ. ಕರಿ ಒಣದ್ರಾಕ್ಷಿಯನ್ನು ನೆನೆಸಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿದ ರಸವನ್ನೇ ಪುಟ್ಟ ಗ್ಲಾಸುಗಳಲ್ಲಿ ಕೊಡುತ್ತಾರೆ. ನಲವತ್ತು ವರ್ಷಗಳಿಂದ ಆ ರಸ ಮಾಡುವವಳು ನಮ್ಮವ್ವ. ಮಾಡಿಟ್ಟದ್ದು ಚೂರು ಹುಳಿ ಬಂದಂತೆ ಕಂಡರೂ ಮತ್ತೆ ಒಲೆಗೇರಿಸಿ ಕುದಿಸುತ್ತಾಳೆ. ನನ್ನ ಕೆಲಸದ ಬಗ್ಗೆ ಆಕೆಗೆ ಗೊತ್ತಿದ್ದುದು ಹೋಟೆಲಿನಲ್ಲಿ ಊಟದ ಹಾಲ್ ನೋಡಿಕೊಳ್ಳುತ್ತಾಳೆ ಎಂಬಷ್ಟೇ. ಅಷ್ಟೇ ಹೇಳಿದವಳು ನಾನು.

ಬೀದರಿನಲ್ಲಿ ಇಳಿದಾಗ ಭಾಲ್ಕಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಳೆ ಊರಿನ ಓಣಿಯಲ್ಲಿ ಅತ್ತರ್ ಮಾರುವ ಮುದುಕರೊಬ್ಬರ ಅಂಗಡಿ ಹೊಕ್ಕೆ.

"ಚಾಚಾ, ಎಲ್ಲಕ್ಕಿಂತ ಜೋರ್ ವಾಸನಿ ಯಾವುದದ, ಅದು ತೋರಿಸ್ರಿ."

ಅವರು ನನ್ನ ಮಣಿಕಟ್ಟಿಗೆ ಒಂದನ್ನು ಹಚ್ಚಿದರು. ಮೂಸಿದೆ. ಚರ್ಮ ತಣ್ಣಗಾಯಿತು, ಅಷ್ಟೇ. ಇನ್ನೊಂದು ಹಚ್ಚಿದರು, ಮತ್ತೊಂದು ಹಚ್ಚಿದರು. ಪ್ರತಿಯೊಂದಕ್ಕೂ ಹೋಟೆಲಿನ ಚಾಳಿಯಂತೆ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸಿದೆ.

"ಇದು ಹ್ಯಾಂಗದ ಬೇಟಿ?"

"ಭಾಳ ಛಲೋ ಅದರಿ. ಗುಲಾಬಿ ಅಲ್ಲೇನ್ರಿ?"

ಮುದುಕರು ಸೀಸೆಯ ಮುಚ್ಚಳ ಹಾಕುತ್ತ ಮೆಲ್ಲಗೆ ಹೇಳಿದರು: "ಇದು ಖಾಲಿ ತೇಲ್ ಬೇಟಿ. ಇದರಾಗ ಏನೂ ಹಾಕಿಲ್ಲ. ಎಷ್ಟು ದಿನಾ ಆತು ಹಿಂಗಾಗಿ?"

ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ಭಾಲ್ಕಿಯ ತನಕ ಅತ್ತೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ಕೈಗೆ ಅಷ್ಟು ಅತ್ತರ್ ಬಳಿದುಕೊಂಡಿದ್ದೇನೆಂದು ನನಗೆ ಹೊಳೆದದ್ದು ಮನೆಯ ಬಾಗಿಲಲ್ಲಿ ಅವ್ವ ಹಿಂದೆ ಸರಿದಾಗ.

ಲೇಬಲ್ ನೋಡಿದರೆ ಅಭ್ಯಾಸಕ್ಕೆ ಬೆಲೆಯಿಲ್ಲ, ಅವ್ವ ನೋಡಿದರೆ ನನಗೆ ಬೆಲೆಯಿಲ್ಲ. ಹಾಗಾಗಿ ಎರಡೂ ವೈನನ್ನು ಅವ್ವನ ರಸದ ಖಾಲಿ ಬಾಟಲಿಗಳಿಗೆ ಸುರಿದು, ಇಟಲಿಯದರ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ. ಮೂಲ ಬಾಟಲಿಗಳಲ್ಲಿ ತಳಕ್ಕೆ ಉಳಿದ ಚೂರು ಬ್ಯಾಗಿನಲ್ಲೇ ಇತ್ತು. ಶುಕ್ರವಾರವಿಡೀ ಕೋಣೆಯ ಬಾಗಿಲು ಹಾಕಿಕೊಂಡು ಗುಟುಕು ಗುಟುಕು ನೋಡಿದೆ. ಮೂಗು ಸತ್ತರೂ ನಾಲಿಗೆ ಪೂರ್ತಿ ಸತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ್ದು ತುಸು ಸಿಹಿ, ಗಂಟಲಲ್ಲಿ ಬೆಚ್ಚಗೆ ಉರಿಯುತ್ತಿತ್ತು. ಇಟಲಿಯದು ವಸಡನ್ನು ಒಣಗಿಸಿ ಹುಳಿ ಬಿಟ್ಟು ಹೋಗುತ್ತಿತ್ತು. ಯಾವುದು ಯಾವುದೆಂದು ಊಹಿಸಿ ಹೇಳಬಹುದಿತ್ತು. ಆದರೆ ವಾಸನೆಯ ಬಗ್ಗೆ ಕೇಳಿದರೆ? ಮಣ್ಣೇ, ಹಣ್ಣೇ, ಹೊಗೆಯೇ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚಚ್ಚಿಕೊಂಡೆ ಕೂಡ, ಎರಡು ಸಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅವ್ವನಿಗೆ ಬೆನ್ನು ಹಾಕಿ ತೊಗರಿಕಾಯಿ ಸುಲಿಯುತ್ತಿದ್ದೆ. ಮರುದಿನ ಪ್ರಭು ಭೋಜನ. ಅವ್ವ ಫ್ರಿಜ್ ತೆಗೆದದ್ದು, ಒಂದು ಬಾಟಲಿಯ ಬಿರಡೆ ಬಿಚ್ಚಿದ್ದು, "ಹುಳಿ ಬಂದದ ನೋಡು ಇದು" ಎಂದು ಪಾತ್ರೆಗೆ ಸುರಿದು ಒಲೆ ಹಚ್ಚಿದ್ದು ಎಲ್ಲ ಕಿವಿಗೆ ಬಿತ್ತು. ಆಕೆಯ ಎಂದಿನ ಕೆಲಸ. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯ ಕೈಬಳೆಗಳ ಸದ್ದು ನಿಂತಿತು.

"ಇದು ನನ್ನ ರಸ ಅಲ್ಲ."

ತಿರುಗಿದೆ. ಮೇಜಿನ ಮೇಲೆ ಕೆಂಪು ದಾರದ ಬಾಟಲಿ ಖಾಲಿಯಾಗಿ ನಿಂತಿತ್ತು. ಇಟಲಿಯ ವೈನು ಅವ್ವನ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಅವ್ವ ನೋಡುತ್ತಿದ್ದುದು ಮಾತ್ರ ನನ್ನ ಮುಖವನ್ನು.

"ಮನಿ ತುಂಬ ಹೆಂಡದ ವಾಸನಿ ಹೊಡೀಲತ್ತದ. ನೀ ಇಲ್ಲೇ ಕುಂತು ಕಾಯಿ ಸುಲೀಲತ್ತೀದಿ. ನಿನಗ ವಾಸನಿ ಬರಂಗಿಲ್ಲೇನು?"

ಹೆಂಡದ ಬಗ್ಗೆ ಏನಾದರೂ ಸುಳ್ಳು ಹೊಸೆಯಬಹುದಿತ್ತು. ಈ ಪ್ರಶ್ನೆಗೆ ಆಗಲಿಲ್ಲ. "ಇಲ್ಲವ್ವ," ಎಂದೆ. "ಎಂಟು ತಿಂಗಳಾತು. ಏನೂ ಬರಂಗಿಲ್ಲ." ಆಮೇಲೆ ಎಲ್ಲವನ್ನೂ ಕಾರಿಕೊಂಡೆ: ಹೋಟೆಲು, ವೈನು, ಸೋಮವಾರ.

ಅವ್ವ ಒಲೆ ಆರಿಸಿದಳು. ನರ್ಸಲ್ಲವೇ, ಮೊದಲು ನನ್ನ ಮೂಗಿಗೆ ಟಾರ್ಚ್ ಬಿಟ್ಟು ನೋಡಿದಳು. ಇಂಗು ಹಿಡಿದಳು, ಕರ್ಪೂರ ಹಿಡಿದಳು. ನಾನು ಪ್ರತಿ ಸಲ ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹದಿನಾಲ್ಕು ವರ್ಷ ನನಗ ಸುಳ್ಳು ಹೇಳ್ದಿ."

"ಹೂಂ."

"ಅದರ ಜಗಳ ಆಮ್ಯಾಲ ಮಾಡ್ತೇನಿ. ಉಳದಿದ್ದು ತಾ ಇಲ್ಲಿ."

ಬ್ಯಾಗಿನ ಬಾಟಲಿಯ ತಳದಲ್ಲಿ ಉಳಿದಿದ್ದ ಇಟಲಿಯದನ್ನೂ ಫ್ರಿಜ್ಜಿನಲ್ಲಿದ್ದ ಇನ್ನೊಂದನ್ನೂ ಎರಡು ಸ್ಟೀಲ್ ಲೋಟಗಳಲ್ಲಿ ಹಾಕಿ ಆಕೆಯ ಮುಂದಿಟ್ಟೆ. ಅವ್ವ ಇಟಲಿಯದನ್ನು ಮೂಗಿನ ಬಳಿ ಹಿಡಿದಳು. ಔರಾದ್ ಕಡೆಯ ಸಂತಪುರದಲ್ಲಿ ಹುಟ್ಟಿ ಬೆಳೆದವಳು. ಆಕೆಯ ಮೂಗು ಸೀದಾ ಅಲ್ಲಿಯ ಹೊಲಕ್ಕೆ, ಎಲಚಿ ಗಿಡಕ್ಕೆ ಹೋಯಿತು.

"ಒಣಗಿದ ಬಾರಿ ಹಣ್ಣು. ಮಳಿಗಿ ಮುಂಚೆ ಹೊಲ ಹರಗತಾರಲ್ಲ, ಆ ಮಣ್ಣು. ಕಡೀಕ ತಂಬಾಕದ ಎಲಿ." ಇನ್ನೊಂದನ್ನು ಮೂಸಿದಳು. "ಇದರಾಗ ಹಣ್ಣು ಭಾಳ. ನೇರಳಿ ಹಣ್ಣು ಬೆಲ್ಲದಾಗ ಕುದಿಸಿದಂಗ. ಮ್ಯಾಲ ಮೆಣಸಿನ ಘಾಟು. ಆದ್ರ ಎರಡೂ ಒಂದೇ ದ್ರಾಕ್ಷಿ ನೋಡು. ಅದರ ಬಿಸಿಲು ಬ್ಯಾರಿ, ಇದರ ಬಿಸಿಲು ಬ್ಯಾರಿ."

ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು. ಒಂದೇ ದ್ರಾಕ್ಷಿ ಎಂಬುದನ್ನು ನಾನು ಆಕೆಗೆ ಹೇಳಿಯೇ ಇರಲಿಲ್ಲ. ಹೈದರಾಬಾದಿನಲ್ಲಿ ಕಲಿತು ಸಂಪಾದಿಸಿದ್ದೆಂದು ನಾನು ಮೆರೆಯುತ್ತಿದ್ದ ಮೂಗು ಇದೇ, ಈ ಅಡುಗೆಮನೆಯದು. ಅದನ್ನು ಕಳೆದುಕೊಂಡಿದ್ದೆ.

"ಇಟಲಿದರ ಹಿಂದ ಇನ್ನೊಂದು ಏನೋ ಅದ. ಮೂಗಿಗಿ ಸಿಗಲತ್ತಿಲ್ಲ," ಎಂದು ಅವ್ವ ಬೆರಳು ಅದ್ದಿದಳು.

"ಅವ್ವ, ಬ್ಯಾಡ! ಚರ್ಚಿನಾಗ ಮಾತು ಕೊಟ್ಟೀದಿ ನೀ!"

"ಸುಮ್ಮನಿರು. ಬಾಯಾಗ ಇಡಲಾರದ ನಿನಗ ಹ್ಯಾಂಗ ಹೇಳ್ಲಿ?"

ಬೆರಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಉಗುಳಲಿಲ್ಲ, ನುಂಗಿದಳು. "ಕಹಿ ಬಾದಾಮಿ. ಬರಕೋ," ಎಂದಳು. ಬರೆದುಕೊಂಡೆ.

ಮರುದಿನ ಚರ್ಚಿನಲ್ಲಿ ಸಾಲು ಸಾಲಾಗಿ ಜನ ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ಅವ್ವ ಏಳಲಿಲ್ಲ. ತಾನೇ ಕುದಿಸಿ ಸೋಸಿದ ರಸ ಊರಿಗೆಲ್ಲ ಹಂಚಿಕೆಯಾಗುತ್ತಿದ್ದರೆ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಳು. ನನ್ನಿಂದಾಗಿ ಆಕೆಯ ಮಾತು ಮುರಿಯಿತಲ್ಲ ಎಂದು ನಾನು ನೆಲ ನೋಡುತ್ತ ಕೂತೆ.

ಸೋಮವಾರ ಎರಡು ಗ್ಲಾಸುಗಳನ್ನೂ ನಾಲಿಗೆಯಿಂದ ಗುರುತಿಸಿದೆ, ಅವ್ವನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ದೊಡ್ಡ ಸಾಹೇಬರ ಮುಖ ಅರಳಿತು. ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಮೂರನೇ ಗ್ಲಾಸ್ ಬಂತು. ಇಟಲಿಯದೇ, ಇನ್ನೊಂದು ಬಾಟಲಿಯದು ಎಂದರು. ನಾನು ಮೂಸಿದೆ, ಕಣ್ಣು ಅರ್ಧ ಮುಚ್ಚಿದೆ, ಒಣ ಬಾರಿ ಹಣ್ಣು ಎಂದೆ, ಹರಗಿದ ಹೊಲದ ಮಣ್ಣು ಎಂದೆ. ಸಾಹೇಬರು ತಲೆ ತಗ್ಗಿಸಿದರು. ಅದು ಬಿರಡೆ ಕೆಟ್ಟು ಹಾಳಾದ ವೈನು. ನೆಂದ ರಟ್ಟಿನ ನಾತ ಬಾಗಿಲ ತನಕ ಹೊಡೆಯುತ್ತಿತ್ತಂತೆ. ಅತ್ತರ್ ಅಂಗಡಿಯ ಖಾಲಿ ಎಣ್ಣೆಯಿಂದಲೂ ಬುದ್ಧಿ ಕಲಿಯದ ಮುಠ್ಠಾಳಿ ನಾನು. ಕೆಲಸ ಹೋಯಿತು.

ಭಾಲ್ಕಿಗೆ ಬಂದೆ. ಅವ್ವ ತಟ್ಟೆ ಹಾಕಿ ಊಟಕ್ಕೆ ಕರೆದಳು. ಮುಂದಿನ ತಿಂಗಳು ಮತ್ತೆ ಪ್ರಭು ಭೋಜನದ ಭಾನುವಾರ. ಮತ್ತೆ ಜನ ಎದ್ದರು, ಮತ್ತೆ ಅವ್ವ ಕೂತೇ ಇದ್ದಳು. ನನಗೆ ತಡೆಯಲಾಗಲಿಲ್ಲ.

"ಒಂದು ಹನಿ ಅವ್ವ. ಅದೂ ನನ್ನ ಸಲುವಾಗಿ," ಎಂದು ಪಿಸುಗುಟ್ಟಿದೆ. "ಅಷ್ಟಕ್ಕ ದೇವರು ಕ್ಷಮಾ ಮಾಡಂಗಿಲ್ಲೇನು? ಏಳು, ಹೋಗು."

ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ಕ್ಷಮಾ ನಾ ಯಾಕ ಕೇಳ್ಲಿ? ಮಗಳ ಮೂಗು ವಾಪಸ್ ಕೊಡೋತನಾ ನಿನ್ನ ಗ್ಲಾಸ್ ಮುಟ್ಟಂಗಿಲ್ಲ ಅಂತ ಆತಗ ಹೇಳೀನಿ."

ಆಕೆಯ ಕೈಯನ್ನು ಹಿಡಿದು ನನ್ನ ಮೂಗಿನ ಬಳಿಗೆ ತಂದುಕೊಂಡೆ. ಬೆಳಗ್ಗೆ ರಸ ಸೋಸಿದ ಕೈ, ಬೆರಳ ತುದಿಗಳು ಇನ್ನೂ ಕಂದಾಗಿದ್ದವು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡೆ.

"ಬಂತೇನು?" ಎಂದಳು.

ಈ ಸಲ ತಲೆಯಾಡಿಸಿ ನಟಿಸಲಿಲ್ಲ. "ಇಲ್ಲ," ಎಂದೆ.

"ಹಂಗಾದ್ರ ನೀನೂ ಕುಂದ್ರು," ಎಂದಳು ಅವ್ವ.